ಹಹ್? ಅಂದ್ರೆ ಏನೆಲ್ಲಾ!
ಇಂಗ್ಲಿಷಿನ 'ಹಹ್?' (huh) ಅಂದ್ರೆ ನನಗೆ ತುಂಬಾ ಇಷ್ಟ. ಕೇಳಿಸದಿದ್ದರೂ ಹಹ್, ಅರ್ಥವಾಗದಿದ್ದರೂ ಹಹ್, ಕೇಳಿದ್ದನ್ನು ನಂಬೋಕೆ ಆಗದಿದ್ದರೂ ಅದೇ. ಮಾತಿನ ಕೊನೆಗೆ ಸೇರಿಸಿದರೆ ನಮ್ಮ 'ಅಲ್ವಾ' ಆಗುತ್ತದೆ, ದನಿ ಇಳಿಸಿ ಎಳೆದರೆ 'ಓ, ಹೀಗಾ ವಿಷಯ' ಅಂತ. ಬರೆದಾಗ ಮಾತ್ರ ಕಷ್ಟ, ದನಿ ಕೇಳಿಸಲ್ಲ, ಎದುರಿನವರು ಸುಮ್ನೆ ಬೇಜಾರು ಮಾಡಿಕೊಳ್ಳುತ್ತಾರೆ. 2013ರಲ್ಲಿ ಭಾಷಾವಿಜ್ಞಾನಿ ಮಾರ್ಕ್ ಡಿಂಗೆಮಾನ್ಸ ಮತ್ತು ಜೊತೆಗಾರರು 31 ಭಾಷೆಗಳನ್ನು ಹೋಲಿಸಿ ನೋಡಿದರು, ಹೆಚ್ಚುಕಡಿಮೆ ಎಲ್ಲೆಡೆ ಇದೇ ಥರದ ಸದ್ದು! ಮಾತು ಸರಿಯಾಗಿ ಕೇಳಿಸದೆ ಹೋದಾಗ ತಕ್ಷಣ ಮತ್ತೆ ಕೇಳಬೇಕಲ್ಲ, ಬಾಯಿಗೆ ಜಾಸ್ತಿ ಕೆಲಸ ಕೊಡದ ಪುಟ್ಟ ಸದ್ದೇ ಅಲ್ಲಿ ಉಳಿದುಕೊಳ್ಳುತ್ತದೆ ಅನ್ನೋದು ಅವರ ವಾದ. 2015ರಲ್ಲಿ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು. ಅದನ್ನು ತಮಾಷೆಯ ಬಹುಮಾನ ಅಂತಾರೆ, ಆದರೆ ನನ್ನ ಮಟ್ಟಿಗೆ ಇದು ದೊಡ್ಡ ಕೆಲಸವೇ.