ಹೆಂಚಿನ ನಡುವಿನ ಕಡ್ಡಿ

ಎಂ.ಎಸ್ಸಿ. ಮೊದಲ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಪಾಲಿಮರ್ ಸರ್ ಒಂದು ಹಳದಿ ಪುಡಿಯ ಬಾಟಲಿ ಕೈಗಿಟ್ಟು, "ಇದನ್ನು ಕರಗಿಸಿಕೊಂಡು ಬಾ" ಎಂದರು. ಅಸಿಟೋನ್, ಟಾಲ್ವೀನ್, ಕ್ಲೋರೋಫಾರ್ಮ್, ಡಿಎಂಎಫ್ ಎಂದು ಕಪಾಟಿನಲ್ಲಿದ್ದ ದ್ರಾವಕಗಳನ್ನೆಲ್ಲ ಸುರಿದು ನೋಡಿದೆ. ಬಿಸಿ ಮಾಡಿದೆ, ರಾತ್ರಿಯಿಡೀ ಕಲಕಿದೆ. ಬೆಳಿಗ್ಗೆ ಬಂದು ನೋಡಿದರೆ ಪುಡಿ ಅತ್ತೆಮನೆಗೆ ಬಂದ ಅಳಿಯನ ಹಾಗೆ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ನಾಲ್ಕನೇ ದಿನ ಸೋತ ಮುಖ ಹೊತ್ತು ಹೋದಾಗ ಸರ್ ನಕ್ಕರು. ಅದು ಪಾಲಿಇಮೈಡ್, ಅಣುಗಳು ಉದ್ದುದ್ದ ಸರಪಳಿಯಾಗಿ ಕೂಡಿದ ಒಂದು ಪಾಲಿಮರ್. ಕರಗುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು. ಆ ಕಿಡಿಗೇಡಿತನವನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ.

ಮಳೆ ಹಿಡಿಯುವ ಮೊದಲು ಮುಗಿಯಲೆಂದು ಹಳೇ ಕಟ್ಟಡದ ಮಾಡು ರಿಪೇರಿ ನಡೆಯುತ್ತಿತ್ತು. ಅಂಗಳದಲ್ಲಿ ಮಂಗಳೂರು ಹೆಂಚುಗಳನ್ನು ಅಟ್ಟಿ ಹಾಕಿದ್ದರು. ಸರ್ ನನ್ನನ್ನು ಅಲ್ಲಿಗೆ ಕರೆದೊಯ್ದು, ಎರಡು ಹೆಂಚುಗಳ ನಡುವೆ ಬೆರಳು ತೂರಿಸಲು ಹೇಳಿದರು. ಆಗಲಿಲ್ಲ. "ಇದರ ಸರಪಳಿಗಳೂ ಹೀಗೇ, ಚಪ್ಪಟೆ, ಬಿಗಿ. ದ್ರಾವಕ ನುಗ್ಗುವುದೆಲ್ಲಿಂದ?" ಎಂದು ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ಹೆಂಚುಗಳ ನಡುವೆ ಇಟ್ಟರು. ಅಟ್ಟಿ ಸಡಿಲವಾಯಿತು. ಆಮೇಲೆ ನಾನು ಓದಿದ್ದೆಲ್ಲ ಆ ಕಡ್ಡಿಯ ವಿಸ್ತರಣೆ ಅಂತಲೇ ನನಗನ್ನಿಸುತ್ತದೆ.

ಉಪಗ್ರಹಗಳಿಗೆ ಸುತ್ತುವ ಹೊನ್ನ ಬಣ್ಣದ ಹಾಳೆಯನ್ನು ಇಸ್ರೋ ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಅದು ಚಿನ್ನವಲ್ಲ, ಅಲ್ಯೂಮಿನಿಯಂ ಲೇಪಿಸಿದ ಪಾಲಿಇಮೈಡ್. ಮೊಬೈಲ್ ಬಿಚ್ಚಿದರೆ ಕಾಣುವ ಕಿತ್ತಳೆ ಬಣ್ಣದ ಬಾಗುವ ಪಟ್ಟಿಯೂ ಅದೇ. ಡ್ಯೂಪಾಂಟ್ 1960ರ ದಶಕದಲ್ಲಿ ತಂದ ಕ್ಯಾಪ್ಟಾನ್ ಹಾಳೆ ಮೈನಸ್ 269ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳುತ್ತದೆ. ಕರಗದ, ಕಾಯಿಸಿದರೂ ಹರಿಯದ ವಸ್ತುವನ್ನು ಹಾಳೆ ಮಾಡಿದ್ದು ಹೇಗೆ? ದೋಸೆ ಹುಯ್ದ ಹಾಗೆ. ಮೊದಲು ಕರಗುವ ಪಾಲಿಅಮಿಕ್ ಆಮ್ಲವನ್ನು ಮಾಡಿ, ಆ ದ್ರಾವಣವನ್ನು ತೆಳ್ಳಗೆ ಹರಡಿ, ಮೆಲ್ಲಗೆ 300 ಡಿಗ್ರಿ ದಾಟಿಸಿದರೆ ನೀರು ಬಿಟ್ಟು ಪಾಲಿಇಮೈಡ್ ಆಗುತ್ತದೆ. ದೋಸೆ ಮತ್ತೆ ಹಿಟ್ಟಾಗುವುದಿಲ್ಲ. ತೊಂದರೆ ಏನೆಂದರೆ, ದಪ್ಪ ವಸ್ತು ಮಾಡಹೊರಟರೆ ಹೊರಬರುವ ಆ ನೀರೇ ಒಳಗೆ ಗುಳ್ಳೆ ಎಬ್ಬಿಸುತ್ತದೆ.

ನಾನು ಈ ಹಾಳೆ ಮಾಡಲು ಹೊರಟದ್ದು ಜುಲೈ ತಿಂಗಳಲ್ಲಿ, ಅದೂ ನಮ್ಮ ಕರಾವಳಿಯಲ್ಲಿ! ಪಾಲಿಅಮಿಕ್ ಆಮ್ಲಕ್ಕೆ ಬೇಕಾದ ಡೈಅನ್‌ಹೈಡ್ರೈಡ್ ಎಂಬ ಕಚ್ಚಾವಸ್ತು ಗಾಳಿಯ ತೇವ ಹೀರಿ ಕೆಡುತ್ತದೆ, ಕೆಟ್ಟರೆ ಸರಪಳಿ ಬೆಳೆಯುವುದಿಲ್ಲ. ದ್ರಾವಣ ಜೇನಿನಂತೆ ಮಂದವಾಗಬೇಕಿತ್ತು, ನನ್ನದು ಗಂಜಿತಿಳಿಯಂತೆ ತೆಳ್ಳಗೇ ಉಳಿಯಿತು. ಕಾಯಿಸಿದ ಹಾಳೆ ಹಪ್ಪಳದಂತೆ ಪುಡಿಯಾಯಿತು. ಮೂರು ಸಲ ಹಾಗೇ ಆಯಿತು. ಕೊನೆಗೆ ಡಿಸೆಂಬರಿನಲ್ಲಿ ಒಂದು ಸಲ ಕಲಕುವ ಅಯಸ್ಕಾಂತದ ತುಂಡು ತಿರುಗಲಾರದೆ ನಿಂತುಬಿಟ್ಟಾಗ ಲ್ಯಾಬಿನಲ್ಲಿ ಕುಣಿದಿದ್ದೆ. ಅಟೆಂಡರ್ ಗಾಬರಿಯಾಗಿ ಓಡಿ ಬಂದಿದ್ದರು.

ಪಿಎಚ್‌ಡಿಗೆ ಊರು ಬಿಟ್ಟ ಮೇಲೆ ಸರಪಳಿಗಳನ್ನು ಸಡಿಲಿಸುವ ಕಡ್ಡಿಗಳ ಬಗೆಗಳು ತಿಳಿದವು. ಸರಪಳಿಯ ನಡುವೆ ಆಮ್ಲಜನಕದ ಕೀಲು ಹಾಕಿ ಬಾಗಿಸಬಹುದು. 1982ರಲ್ಲಿ ಬಂದ ಅಲ್ಟೆಮ್ ಎಂಬ ಪ್ಲಾಸ್ಟಿಕ್ ಆ ಜಾತಿಯದು, ಕಾಯಿಸಿ ಅಚ್ಚಿಗೆ ಹುಯ್ಯಬಹುದು, ಆದರೆ 217 ಡಿಗ್ರಿಗೆ ಮೆದುವಾಗತೊಡಗುತ್ತದೆ. ಸರಪಳಿಯಲ್ಲಿರುವ ಬೆಂಜೀನ್ ಉಂಗುರದಲ್ಲಿ ಜೋಡಣೆಯ ಜಾಗ ಬದಲಿಸಬಹುದು. ಬೇರೆ ಜಾತಿಯ ಪಾಲಿಮರುಗಳಲ್ಲೂ ಇದು ಕಾಣುತ್ತದೆ: ನೇರ ಜೋಡಿಸಿದ, ಗುಂಡು ತಡೆವ ಕವಚದ ಕೆವ್ಲಾರ್ ಕರಗಲು ಗಂಧಕಾಮ್ಲವನ್ನೇ ಬೇಡುತ್ತದೆ, ಓರೆ ಜೋಡಿಸಿದ, ಬೆಂಕಿ ತಾಳುವ ಉಡುಪಿನ ನೋಮೆಕ್ಸ್ ಉಪ್ಪು ಬೆರೆಸಿದ ಸಾವಯವ ದ್ರಾವಕಕ್ಕೇ ಬಗ್ಗುತ್ತದೆ. ಫ್ಲೋರಿನ್ ತುಂಬಿದ ದಪ್ಪ ಗುಂಪುಗಳನ್ನೂ ತುರುಕಬಹುದು, ಜೇಬು ಗಟ್ಟಿ ಇದ್ದವರು.

ಒಂದು ಸಂಜೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರ ಪ್ರಬಂಧ ಓದುತ್ತಿದ್ದೆ. ಕಾರ್ಡನಾಲ್‌ನಿಂದ ತಯಾರಿಸಿದ ಮೊನೊಮರ್ (ಸರಪಳಿಯ ಕೊಂಡಿಯಾಗುವ ಚಿಕ್ಕ ಅಣು) ಬಳಸಿ, ಹದಿನೈದು ಇಂಗಾಲಗಳ ಬಾಲವನ್ನು ಸರಪಳಿಗೆ ಜೋತುಬಿಟ್ಟಿದ್ದರು. ಆ ಬಾಲವೇ ಅವರ ಕಡ್ಡಿ. ಕಾರ್ಡನಾಲ್ ಎಂದರೆ ಗೇರುಬೀಜದ ಸಿಪ್ಪೆಯ ಎಣ್ಣೆಯದು. ಓದುತ್ತಿದ್ದವನು ನಿಂತುಬಿಟ್ಟೆ. ಅಮ್ಮ ಇಪ್ಪತ್ತು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದವಳು. ಆ ಎಣ್ಣೆ ಅವಳ ಬೆರಳ ಚರ್ಮ ಸುಟ್ಟು ಕಪ್ಪು ಮಾಡಿತ್ತು. ಮದುವೆ ಮನೆಗಳಲ್ಲಿ ಅವಳು ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಿದ್ದಳು. ನನ್ನ ಫೀಸು ಬಂದದ್ದು ಆ ಕೈಯಿಂದ.

ನಾನೂ ಆ ಬಾಲದ ಪಾಲಿಇಮೈಡ್ ಮಾಡಿದೆ. ಕ್ಲೋರೋಫಾರ್ಮ್‌ನಲ್ಲಿ ಹಾಕಿದ ಐದು ನಿಮಿಷಕ್ಕೆ ಸಕ್ಕರೆಯ ಹಾಗೆ ಕರಗಿಹೋಯಿತು. ರಜೆಯಲ್ಲಿ ಬಂದಾಗ ಪುಟ್ಟ ಸೀಸೆಯಲ್ಲಿ ಆ ದ್ರಾವಣ ತಂದು ಅಮ್ಮನಿಗೆ ತೋರಿಸಿದೆ. ಮೂಸಿ ನೋಡಿ, "ಇದಕ್ಕೆ ಗೇರಿನ ವಾಸನೆಯೇ ಇಲ್ಲ" ಎಂದು ಅಡುಗೆಮನೆಗೆ ಹೋದಳು.

ಸರ್ ನಿವೃತ್ತರಾಗಿದ್ದರು. ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಅಲ್ಲಾಡಿಸಿದರು. "ಕರಗಿತು ಸರಿ. ಮೆದುವಾಗುವ ಉಷ್ಣತೆ ಎಷ್ಟು ಕೆಳಗಿಳಿಯಿತು?" ಹೇಳಿದೆ. ಅವರ ಹುಬ್ಬು ಮೇಲೇರಿತು.

"ಪ್ರತಿ ಹೆಂಚಿಗೂ ಕಡ್ಡಿ ಯಾಕೆ ಇಟ್ಟೆ ಮಾರಾಯ? ನಾಲ್ಕಕ್ಕೊಂದು ಸಾಕಿತ್ತಲ್ಲ."

ಮರಳಿ ಹೋಗಿ ಮುಂದಿನ ಆರು ತಿಂಗಳು ನಾನು ಮಾಡಿದ್ದು ಅದನ್ನೇ.