ರಾತ್ರಿ ಪಾಳಿ ಮತ್ತು ಲಿಥಿಯಂ

14 ಮಾರ್ಚ್ 2024, ಗುರುವಾರ

ಇಂದು ಬೆಳಿಗ್ಗೆ ರೌಂಡ್ಸ್‌ಗೆ ಮುನ್ನ ನನ್ನದೇ ರಕ್ತಪರೀಕ್ಷೆ ಮುಗಿಸಿಕೊಂಡೆ. ನನ್ನ ಬೈಪೋಲಾರ್ ಕಾಯಿಲೆಗೆ ನಾನು ನುಂಗುವ ಔಷಧಿ ಲಿಥಿಯಂ. ರಕ್ತದಲ್ಲಿ ಅದರ ಮಟ್ಟ ಸರಿಯಾಗಿ ತಿಳಿಯಬೇಕಾದರೆ ಕೊನೆಯ ಗುಳಿಗೆ ನುಂಗಿ ಸುಮಾರು 12 ಗಂಟೆಗಳಾಗಿರಬೇಕು. ಪಾಳಿ ಬದಲಾಗುತ್ತಲೇ ಇರುವವರಿಗೆ ಈ ಲೆಕ್ಕ ಹೊಂದಿಸುವುದೇ ಒಂದು ಕೆಲಸ. ಮಧ್ಯಾಹ್ನದ ವರದಿಯಲ್ಲಿ 0.7 ಎಂದಿತ್ತು, ಅಂದರೆ ಇರಬೇಕಾದ ಮಿತಿಯಲ್ಲೇ; ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಥೈರಾಯ್ಡ್ ಕೂಡ ಸರಿಯಾಗಿದ್ದವು. ಬೇರೆಯವರ ವರದಿಯಾಗಿದ್ದರೆ ‘ಸ್ಟೇಬಲ್’ ಎಂದು ಬರೆದು ಮುಂದಿನ ಹಾಸಿಗೆಯತ್ತ ನಡೆಯುತ್ತಿದ್ದೆ.

ಮನಸ್ಸು ಅತಿಯಾದ ಉತ್ಸಾಹಕ್ಕೂ ಖಿನ್ನತೆಗೂ ಜೀಕುವ ಈ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರಾಗಬಹುದೇ ಎಂಬ ಪ್ರಶ್ನೆ ನನ್ನ ಪಾಲಿಗೆ ಹಳತಾಗಿದೆ. ಪದವಿ ಮುಗಿಸಿ ಜನರಲ್ ಮೆಡಿಸಿನ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. (ಸೈಕಿಯಾಟ್ರಿ ಏಕೆ ಆರಿಸಿಕೊಳ್ಳಲಿಲ್ಲ ಎಂದು ವಿಷಯ ಗೊತ್ತಿರುವವರೆಲ್ಲ ಕೇಳುತ್ತಾರೆ. ಮಧುಮೇಹವಿರುವವರೆಲ್ಲ ಹಾರ್ಮೋನುಗಳ ವಿಭಾಗವಾದ ಎಂಡೋಕ್ರೈನಾಲಜಿಗೇ ಹೋಗುತ್ತಾರೆಯೇ?) ನನ್ನನ್ನು ಕಾಡುವುದು ಓದಿನ ಭಾರವಲ್ಲ, ನಿದ್ರೆಗೇಡು. ಸತತ ನೈಟ್ ಡ್ಯೂಟಿಗಳು ಯಾರನ್ನಾದರೂ ಬಳಲಿಸುತ್ತವೆ, ಆದರೆ ನನ್ನಂಥವರಲ್ಲಿ ನಿದ್ರೆ ತಪ್ಪುವುದೇ ಮೇನಿಯಾಕ್ಕೆ, ಅಂದರೆ ಆ ಉತ್ಸಾಹದ ಅತಿರೇಕಕ್ಕೆ, ಕಿಡಿ ಹಚ್ಚಬಹುದು. ಇನ್ನೂ ವಿಚಿತ್ರವೆಂದರೆ, ಮೂರೇ ಗಂಟೆ ಮಲಗಿ ಎದ್ದರೂ ದಣಿವಿಲ್ಲದೆ, ಎಲ್ಲರ ಕೆಲಸವನ್ನೂ ಮೈಮೇಲೆ ಎಳೆದುಕೊಂಡು, ಪಟಪಟನೆ ಮಾತನಾಡುತ್ತ ಓಡಾಡುವ ಕಿರಿಯ ವೈದ್ಯರನ್ನು ವಿಭಾಗವು ಮೆಚ್ಚುತ್ತದೆ. ಅದೇ ಲಕ್ಷಣಗಳನ್ನು ಕಂಡರೆ ನನ್ನ ಮನೋವೈದ್ಯರು ತಕ್ಷಣ ಬಂದು ಕಾಣುವಂತೆ ಹೇಳುತ್ತಾರೆ. ಹೊಗಳಿಕೆ ಹೆಚ್ಚಾದ ವಾರ ನಾನು ನಿದ್ರೆಯ ಗಂಟೆಗಳನ್ನು ಬರೆದಿಡಲು ತೊಡಗುತ್ತೇನೆ.

ಸಣ್ಣ ಸಂಗತಿಗಳೂ ಇವೆ. ರೋಗಿಯ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕುವಾಗ ಬೆರಳ ತುದಿಯಲ್ಲಿ ಲಿಥಿಯಂ ತರುವ ಸೂಕ್ಷ್ಮ ನಡುಕ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಮಣಿಕಟ್ಟನ್ನು ಹಾಸಿಗೆಯ ಅಂಚಿಗೆ ಊರಿಕೊಂಡೇ ಸೂಜಿ ಹಿಡಿಯುತ್ತೇನೆ. ನಿನ್ನೆ ಡ್ಯೂಟಿ ರೂಮಿನಲ್ಲಿ ತಲೆನೋವೆಂದಾಗ ಗೆಳತಿಯೊಬ್ಬಳು ಐಬುಪ್ರೊಫೇನ್ ಕೊಟ್ಟಳು. ಅದು ಮೂತ್ರಪಿಂಡಗಳ ಮೂಲಕ ಲಿಥಿಯಂ ಹೊರಹೋಗುವುದನ್ನು ತಗ್ಗಿಸಿ ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಹೊಟ್ಟೆಗೆ ಆಗದು ಎಂದು ನೆಪ ಹೇಳಿ ಪ್ಯಾರಾಸಿಟಮಾಲ್ ನುಂಗಿದೆ.

ಇಂಥ ನೆಪ ಹೇಳುತ್ತಿರುವುದು ನಾನೊಬ್ಬಳೇ ಅಲ್ಲ. ಹಲವು ದೇಶಗಳ ವೈದ್ಯಕೀಯ ವಿದ್ಯಾರ್ಥಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಶೇ. 27ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು, ಅವರಲ್ಲಿ ಚಿಕಿತ್ಸೆ ಪಡೆದವರು ಶೇ. 16ರಷ್ಟು ಮಾತ್ರ. ಔಷಧಿಯ ಪರಿಚಯ ಚೆನ್ನಾಗಿರುವವರೇ ಅದರಿಂದ ದೂರ ಉಳಿಯುವುದಕ್ಕೆ ಅಜ್ಞಾನ ಕಾರಣವಾಗಿರಲಾರದು. ದಾಖಲೆಯಲ್ಲಿ ಹೆಸರು ಬಂದರೆ ಮುಂದೇನು ಎಂಬ ಅಂಜಿಕೆಯೇ ಕಾರಣವೆಂದು ನನಗನ್ನಿಸುತ್ತದೆ. ಕಾಯಿಲೆ ಇರುವುದು ಬೇರೆ, ಕೆಲಸಕ್ಕೆ ಅಸಮರ್ಥರಾಗಿರುವುದು ಬೇರೆ. ಆದರೂ ‘ಎಂದಾದರೂ ಮಾನಸಿಕ ಕಾಯಿಲೆ ಇತ್ತೇ?’ ಎಂದು ಕೇಳುವ ಅರ್ಜಿ ನಮೂನೆಗಳು ಎರಡನ್ನೂ ಒಂದೇ ಮಾಡಿಬಿಡುತ್ತವೆ.

ವೈದ್ಯರ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ತಮ್ಮ ಆರೋಗ್ಯವನ್ನೂ ನೋಡಿಕೊಳ್ಳುವ ಮಾತು ಸೇರಿದೆ. ಪಾಳಿಯ ಪಟ್ಟಿ ತಯಾರಿಸುವವರಿಗೆ ಅದು ತಲುಪಿದಂತಿಲ್ಲ. ನಾಳೆ ವಿಭಾಗದ ಮುಖ್ಯಸ್ಥರಿಗೆ ಮನೋವೈದ್ಯರ ಪತ್ರ ಕೊಡಬೇಕು. ಅದರಲ್ಲಿ ಕಾಯಿಲೆಯ ಹೆಸರಿಲ್ಲ. ಸತತ ಎರಡಕ್ಕಿಂತ ಹೆಚ್ಚು ರಾತ್ರಿ ಪಾಳಿ ಬೇಡ, ಪಾಳಿಯ ನಂತರದ ದಿನ ಪೂರ್ಣ ಬಿಡುವಿರಲಿ ಎಂದಷ್ಟೇ ಇದೆ. ಬಿಟ್ಟ ರಾತ್ರಿಗಳಿಗೆ ಬದಲಾಗಿ ಭಾನುವಾರದ ಹಗಲು ಪಾಳಿ ಮಾಡುತ್ತೇನೆಂದು ನಾನೇ ಕೆಳಗೆ ಬರೆದು ಸಹಿ ಹಾಕಿದ್ದೇನೆ.