ಗಾಡಿ ಗುದ್ದಿದ್ದು ನಿನ್ನೆ, ಕುತ್ತಿಗೆ ಹಿಡಿದದ್ದು ಇವತ್ತು

ತೊಗರಿ ರಾಶಿಯ ದಿನಗಳಲ್ಲಿ ಚಿತ್ತಾಪುರ, ಜೇವರ್ಗಿ ಕಡೆ ರಸ್ತೆಯೇ ಕಣ. ಭಾಲ್ಕಿ, ಹುಮನಾಬಾದ್ ಕಡೆ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಲಿಗಳು. ಮುಂದಿನವ ಗಕ್ಕನೆ ಬ್ರೇಕ್ ಹಾಕುತ್ತಾನೆ, ಹಿಂದಿನವ ಬಂದು ಗುದ್ದುತ್ತಾನೆ. ಬಂಪರ್ ಸೊಟ್ಟಾಯಿತು, ಜನಕ್ಕೇನೂ ಆಗಿಲ್ಲ ಅಂತ ಅಲ್ಲಿಗೇ ಮಾತು ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಗುವುದಿಲ್ಲ, ಮಧ್ಯಾಹ್ನಕ್ಕೆ ತಲೆಶೂಲೆ.

ಇದಕ್ಕೆ ವಿಪ್‌ಲ್ಯಾಶ್ ಅನ್ನುತ್ತಾರೆ. ಹಿಂದಿನಿಂದ ಪೆಟ್ಟು ಬಿದ್ದಾಗ ಸೀಟು ಬೆನ್ನನ್ನು ಮುಂದಕ್ಕೆ ದೂಡುತ್ತದೆ, ನಾಲ್ಕೂವರೆ-ಐದು ಕೆಜಿಯ ತಲೆ ಇದ್ದಲ್ಲೇ ನಿಲ್ಲುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕುತ್ತಿಗೆಯ ಕೆಳಭಾಗ ಹಿಂದಕ್ಕೆ, ಮೇಲ್ಭಾಗ ಮುಂದಕ್ಕೆ ಬಾಗಿ ಎಸ್ ಅಕ್ಷರದ ಆಕಾರ ಪಡೆಯುತ್ತದೆ. ಸ್ನಾಯು ಬಿಗಿಯಾಗಿ ತಡೆಯುವಷ್ಟರಲ್ಲಿ ಕೀಲುಗಳ ಸುತ್ತಲಿನ ಪೊರೆ ಎಳೆದುಹೋಗಿರುತ್ತದೆ. ಉರಿಯೂತ ಏರಲು ತಾಸುಗಟ್ಟಲೆ ಬೇಕು, ಹಾಗಾಗಿ ಬ್ಯಾನಿ ಕೆಲವೊಮ್ಮೆ ಎರಡು-ಮೂರು ದಿನ ತಡ. ಎಕ್ಸ್‌ರೇಗೆ ಕಾಣುವುದು ಎಲುಬು, ಪೊರೆ ಅಲ್ಲ. ‘ನಾರ್ಮಲ್’ ಅಂದರೆ ನಾಟಕ ಮಾಡುತ್ತಿದ್ದಾರೆ ಅಂತಲ್ಲ.

ತಲೆಶೂಲೆಯ ಮೂಲವೂ ಬಹಳ ಸಲ ಕುತ್ತಿಗೆಯೇ. ಅದರ ಮೇಲಿನ ಮೂರು ನರಗಳು ಮತ್ತು ಹಣೆ, ಕಣ್ಣಿನ ಸಂವೇದನೆ ಒಯ್ಯುವ ನರ ಒಂದೇ ಕಡೆ ಬಂದು ಸೇರುತ್ತವೆ, ಮಿದುಳಿಗೆ ವಿಳಾಸ ಅದಲುಬದಲಾಗುತ್ತದೆ. ಹೆಚ್ಚಾಗಿ ಒಂದೇ ಬದಿ, ಹಿಂದಲೆಯಿಂದ ಹೊರಟು ಕಣ್ಣಿನ ಮೇಲೆ ಬಂದು ನಿಲ್ಲುತ್ತದೆ, ಕತ್ತು ತಿರುಗಿಸಿದರೆ ಜಾಸ್ತಿ.

ಆದರೆ ಮೊದಲು ಅಪಾಯ ಇಲ್ಲ ಅನ್ನುವುದು ಖಾತ್ರಿಯಾಗಬೇಕು. ವಯಸ್ಸು 65 ದಾಟಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ, ಬೆನ್ನೆಲುಬಿನ ನಡುಗೆರೆ ಮುಟ್ಟಿದರೆ ನೋವಾದರೆ, ಗಾಡಿ ಪಲ್ಟಿಯಾಗಿದ್ದರೆ ಕತ್ತು ಅಲುಗಿಸದೆ 108ಕ್ಕೆ ಕರೆ ಮಾಡಿ. ಕತ್ತನ್ನು ತಾನಾಗಿ ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಲಾಗದಿದ್ದರೂ ಕುತ್ತಿಗೆಯ ಎಕ್ಸ್‌ರೇ ಅಥವಾ ಸ್ಕ್ಯಾನ್ ತೆಗೆಸಬೇಕು. ವಾಂತಿ, ಮಂಪರು, ತೊದಲು, ಒಂದು ರೆಪ್ಪೆ ಜೋತು ಬೀಳುವುದು, ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರಿಗೆ ತಲೆಪೆಟ್ಟು: ಇವಕ್ಕೆ ಬೆಳಗಾಗುವವರೆಗೆ ಕಾಯಬಾರದು. ಕಲಬುರಗಿಯ ಜಿಮ್ಸ್ ಆಸ್ಪತ್ರೆ, ಬೀದರಿನ ಬ್ರಿಮ್ಸ್ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ.

ಇದ್ಯಾವುದೂ ಇಲ್ಲದಿದ್ದರೆ ಕತ್ತನ್ನು ಕಟ್ಟಿಹಾಕಬೇಡಿ. ಮೆಡಿಕಲ್ ಅಂಗಡಿಯ ಬೆಲ್ಟನ್ನು ವಾರಗಟ್ಟಲೆ ಹಾಕಿಕೊಂಡರೆ ಸ್ನಾಯು ಸೊರಗಿ ಬಿಗಿತ ಹೆಚ್ಚುತ್ತದೆ. ಎಚ್ಚರವಿರುವಾಗ ತಾಸಿಗೊಮ್ಮೆ, ನೋವು ತಾಗುವ ಮುಂಚೆ ನಿಲ್ಲುವಷ್ಟೇ, ನಿಧಾನವಾಗಿ ಎಡಕ್ಕೂ ಬಲಕ್ಕೂ ಹತ್ತು ಸಲ ತಿರುಗಿಸಿ. ಎರಡು-ಮೂರು ದಿನದ ಮೇಲೆ ಗದ್ದ ಒಳಕ್ಕೆ ಎಳೆಯುವ ವ್ಯಾಯಾಮ: ತಲೆ ಬಗ್ಗಿಸದೆ, ಯಾರೋ ಮೂಗಿನ ಹತ್ತಿರ ಬಂದಂತೆ ಹಿಂದೆ ಸರಿದು ಐದು ಸೆಕೆಂಡ್ ಹಿಡಿಯುವುದು, ಹತ್ತು ಸಲ. ಪ್ಯಾರಾಸಿಟಮಾಲ್ 650 ಆರು ತಾಸಿಗೊಂದು, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ. ತಿಂಗಳಲ್ಲಿ ಹದಿನೈದು ದಿನ ಗುಳಿಗೆ ನುಂಗುತ್ತಾ ಹೋದರೆ ಆ ಗುಳಿಗೆಯೇ ತಲೆಶೂಲೆ ಹುಟ್ಟಿಸುತ್ತದೆ. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆರು ವಾರಕ್ಕೂ ಜಗ್ಗದಿದ್ದರೆ ಫಿಸಿಯೊಥೆರಪಿ.

ಕಟಿಂಗ್ ಅಂಗಡಿಯಲ್ಲಿ ಮಾಲಿಶ್ ಮುಗಿಸಿ ಕತ್ತನ್ನು ‘ಲಟಕ್’ ಅನ್ನಿಸುವುದಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳ ಆ ಎಲುಬುಗಳ ರಂಧ್ರದೊಳಗೇ ಹಾದುಹೋಗುತ್ತದೆ, ಅದರ ಒಳಪದರ ಹರಿದರೆ ಲಕ್ವಾ.

ಇನ್ನು ಹೆಡ್‌ರೆಸ್ಟ್. ಎಷ್ಟೋ ಗಾಡಿಗಳಲ್ಲಿ ಅದು ಶೋರೂಮಿನಿಂದ ಬಂದ ದಿನದಂತೆಯೇ ಕೆಳಗೆ ಕುಳಿತಿರುತ್ತದೆ. ಅಷ್ಟು ಕೆಳಗಿದ್ದರೆ ಕುತ್ತಿಗೆಗೆ ಆನಿಕೆಯ ಬದಲು ಸನ್ನೆಗೋಲಾಗುತ್ತದೆ. ಕಂಬಿಯ ಬುಡದಲ್ಲಿ ಒಂದು ಸಣ್ಣ ಗುಂಡಿ ಇದೆ, ಒತ್ತಿ ಮೇಲಕ್ಕೆತ್ತಿ. ಅದರ ತುದಿ ನೆತ್ತಿಯ ಮಟ್ಟಕ್ಕೆ, ಹಿಂದಲೆಗೂ ಅದಕ್ಕೂ ನಡುವೆ ಮೂರು ಬೆರಳು. ಹಿಂದಿನ ಸೀಟಿನದೂ ನೋಡಿ. ಅಲ್ಲಿ ಕೂರುವ ಅಮ್ಮನಿಗೆ ಅದು ಹೆಗಲ ಮಟ್ಟದಲ್ಲೇ ಇರುತ್ತದೆ.